ಐದನೆಯ ಕಟ್ಟೆಯ ನೋಟ

ಆ ದಿನದ ಬೆಳಗಿನ ಮಂಜು ಎಂಥದ್ದೆಂದರೆ, ಹೊಸ್ತಿಲಿಗೆ ನೀರು ಹಾಕಿದ ನನ್ನ ಹೆಂಡತಿಗೆ ಆ ನೀರು ಎಲ್ಲಿ ಬಿತ್ತೆಂದು ಕಾಣಲಿಲ್ಲ. ಕಾರ್ತೀಕದ ಕಡೆಯ ಸೋಮವಾರ. ಚಳಿ ಇನ್ನೂ ಹಲ್ಲು ಬಾರದ ಕೂಸಿನ ಹಾಗೆ ಕೆನ್ನೆ ಚೀಪುತ್ತಿತ್ತೇ ಹೊರತು ಕಚ್ಚುತ್ತಿರಲಿಲ್ಲ. ಬೇರೆ ಊರಿನವರಿಗೆ ಮಂಜು ಅಂದರೆ ಮಂಜು, ಅಷ್ಟೆ. ನಮಗೆ ಅದೊಂದು ವ್ಯಾಜ್ಯ. ಮಂಜನ್ನು ನೋಡಿದರೆ ನೋಡಿದ ಹಾಗಾಯಿತೋ ಇಲ್ಲವೋ ಎಂದು ನಮ್ಮ ಹಿರಿಯರು ಮೂರು ದಿನ ಕೂತು ವಾದಿಸಿ, ಮುಖ ಸರಿಯಾದ ದಿಕ್ಕಿಗಿದ್ದು ಮನಸ್ಸಿನಲ್ಲಿ ಮೋಸವಿಲ್ಲದಿದ್ದರೆ ನೋಡಿದ ಹಾಗೆಯೇ ಎಂದು ತೀರ್ಮಾನಿಸಿದ್ದರು. ಮುಖವನ್ನು ನಾವು ನೋಡಿಕೊಳ್ಳುತ್ತೇವೆ. ಮನಸ್ಸಿನ ವಿಷಯ ಶಿವನಿಗೆ ಬಿಟ್ಟದ್ದು.

ನಮ್ಮ ಕೆರೆಯ ಸುತ್ತ ಏಳು ಕಟ್ಟೆಗಳಿವೆ. ಕಲ್ಲು ಹಾಸಿದ, ಐದೈದು ಮೆಟ್ಟಿಲಿನ ಎತ್ತರದ ಜಾಗಗಳು. ಒಂದೊಂದು ಕಟ್ಟೆ ಒಂದೊಂದು ಮನೆತನದ್ದು. ಹೊತ್ತು ಹುಟ್ಟಿ ಮಾರುದ್ದ ಏರುವುದರೊಳಗೆ ಆ ಮನೆಯವರೊಬ್ಬರು ದಿನಾ ಕಟ್ಟೆಯ ಮೇಲೆ ಕೂತು ಎದುರಿಗಿರುವುದನ್ನು ನೋಡಬೇಕು. ನೋಡದಿದ್ದರೆ ಅದು ಇರುವುದಿಲ್ಲ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಅಂಚು, ಆಮೇಲೆ ಅದು. ಬೇರೆ ಎಲ್ಲಿಂದ ನೋಡಿದರೂ ಲೆಕ್ಕಕ್ಕಿಲ್ಲ, ಕಟ್ಟೆಯ ಮೇಲಿಂದ ನೋಡಿದ್ದೇ ನೋಟ. ಮೂರನೆಯ ಕಟ್ಟೆಯವರು ಒಮ್ಮೆ ಮನೆಮಂದಿಯೆಲ್ಲ ಮದುವೆಗೆ ಹೋಗಿ ಎರಡು ದಿನ ತಡಮಾಡಿ ಬಂದರು. ಬರುವಷ್ಟರಲ್ಲಿ ಅವರ ಗುಡ್ಡದಲ್ಲಿ ಅರ್ಧ ಇರಲಿಲ್ಲ. ಇಲ್ಲದ ಅರ್ಧದ ಮೇಲೆ ಮೇಯುತ್ತಿದ್ದ ಮೇಕೆಗಳು ಮಾತ್ರ ಏನೂ ಆಗದವರ ಹಾಗೆ ಸಂಜೆ ಕೆಳಗಿಳಿದು ಬಂದವು. ಈಗ ಅದಕ್ಕೆ ಅರೆಗುಡ್ಡ ಎನ್ನುತ್ತೇವೆ, ಮೊದಲಿನ ಹೆಸರು ಮರೆತಿದೆ. ಹೆಣ್ಣು ಕೊಡುವವರು ನಮ್ಮಲ್ಲಿ ಹುಡುಗನ ಹೊಲ ಕೇಳುವುದಕ್ಕೆ ಮುಂಚೆ ಕಣ್ಣು ಹೇಗಿದೆ ಎಂದು ಕೇಳುತ್ತಾರೆ. "ನಾಳೆ ಬೀಗರು ಬರ್ತಾರೆ, ನಮ್ಮ ತೋಪು ಒಂಚೂರು ನೋಡಿಬಿಡವ್ವಾ" ಎಂಬ ಮಾತು ಬೇರೆ ಕಡೆ ಹೆಪ್ಪಿಗೆ ಮೊಸರು ಕೇಳಿದಷ್ಟು ಸಲೀಸು.

ವರ್ಷಕ್ಕೊಮ್ಮೆ, ಕಾರ್ತೀಕದ ಕಡೆಯ ಸೋಮವಾರ, ಊರೆಲ್ಲ ಬುತ್ತಿ ಕಟ್ಟಿಕೊಂಡು ಕೆರೆಯನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬರುತ್ತದೆ. ಪ್ರತಿ ಕಟ್ಟೆಯಲ್ಲೂ ಆ ಮನೆಯವರು ಮೇಲೆ ನಿಂತು ತಮಗೆ ಕಾಣುವುದನ್ನು ಒಂದೊಂದಾಗಿ ಹೇಳಬೇಕು. ಊರಿನವರು ನೋಡಿ "ಐತೆ" ಎನ್ನಬೇಕು. ನನ್ನ ಹತ್ತಿರ ಪಟ್ಟಿ ಇರುತ್ತದೆ, ನಾನು ತಾಳೆ ನೋಡಬೇಕು. ಸರಿಯಾಗಿ ಹೇಳಲಾರದವರ ಕಟ್ಟೆ ಬೇರೆ ಮನೆಗೆ ಹೋಗುತ್ತದೆ. ಕಟ್ಟೆಯಿಲ್ಲದ ಪೂಜಾರಿ ಮನೆಯವನು ಪಕ್ಷಪಾತ ಮಾಡಲಾರ ಎಂದು ಆ ಕೆಲಸ ನನ್ನ ತಂದೆಗೆ ಬಂತು, ಅವರಿಂದ ನನಗೆ. ಎಂಟು ದಿನ ಮುಂಚಿನವರೆಗೂ ನಾನೂ ಹಾಗೇ ನಂಬಿದ್ದೆ.

ಎಂಟು ದಿನ ಮುಂಚೆ ನಾನು ಐದನೆಯ ಕಟ್ಟೆಯ ಹಾಲಮ್ಮನ ಮನೆಗೆ ಗುಡಿಯ ಪ್ರಸಾದ ತೆಗೆದುಕೊಂಡು ಹೋಗಿದ್ದೆ. ಎಪ್ಪತ್ತು ದಾಟಿದ ಹೆಂಗಸು, ಗಂಡ ತೀರಿ ಬಹಳ ವರ್ಷ. ನಾನು ಎದುರಿಗೆ ನಿಂತಿದ್ದರೆ ಅವಳು ಕೈಯೊಡ್ಡಿದ್ದು ಕಂಬಕ್ಕೆ.

"ಹಾಲಮ್ಮಾ, ನಾನು ಇಲ್ಲಿದ್ದೀನಿ."

ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಬಾಗಿಲು ಹಾಕು ಪಂಪಯ್ಯ. ಶಿವರಾತ್ರಿಯಿಂದ ನನಗೆ ಹಾಲೂ ಒಂದೇ, ಹಾಲು ಕುಡಿಯೋ ಕೂಸೂ ಒಂದೇ. ಎಲ್ಲಾ ಬರೀ ಬಿಳುಪು."

"ಡಾಕ್ಟ್ರಿಗೆ ತೋರಿಸಿದ್ಯಾ?"

"ತೋರಿಸಿದೆ. ಪೊರೆ ಆಗಿದ್ರೆ ತೆಗೀತಿದ್ರಂತೆ. ಒಳಗಿನ ನರ ಬತ್ತಿ ಹೋಗೈತಂತೆ."

"ಮತ್ತೆ ಅಂಬಿಗರ ಕೇರಿ?" ಐದನೆಯ ಕಟ್ಟೆಗೆ ಕಾಣುವುದು ಆಚೆ ದಡದ ಅಂಬಿಗರ ಕೇರಿ. ಇಪ್ಪತ್ತೆರಡು ಮನೆ, ಕೆಂಪು ಹಂಚು. ಏಳು ಕಟ್ಟೆಗಳಲ್ಲಿ ಜನ ಬಾಳುವ ನೋಟ ಅದೊಂದೇ, ಹಾಗಾಗಿ ಗೌರವ ಜಾಸ್ತಿ.

"ದಿನಾ ಹೋಗಿ ಕೂರ್ತೀನಿ. ಒಂದು ದಿನ ತಪ್ಪಿಸಿಲ್ಲ. ಕೇರಿ ಐತೋ ಇಲ್ವೋ, ನೀನೇ ಹೇಳು."

"ಐತೆ. ಚೆನ್ನಾಗೇ ಐತೆ."

"ಹಂಗಾರೆ ನಾನೇ ನೋಡ್ತಿರಬೇಕಲ್ಲ?" ಎಂದಳು. ಹೇಳಿದ ರೀತಿಯಲ್ಲಿ ಅವಳಿಗೇ ನಂಬಿಕೆ ಇರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ಮದುವೆಯಾಗಿ ಬಂದ ಮೂರನೇ ದಿನ ನಮ್ಮ ಮಾವ ಅಲ್ಲಿ ಕೂರಿಸಿದ್ರು. ಹೊಟ್ಟೇಲಿ ಮಕ್ಕಳಾಗಲಿಲ್ಲ, ಕಣ್ಣೆದುರಿಗೆ ಇಪ್ಪತ್ತೆರಡು ಮನೆ ಆದವು. ಕಟ್ಟೆ ಹೋದರೆ ಬೆಳಗಾದರೂ ಎದ್ದು ಎಲ್ಲಿಗೆ ಹೋಗಲೋ? ಸುತ್ತಿನ ದಿನ ನನ್ನ ಪಕ್ಕ ನಿಂತು ಕಿವಿಯಾಗೆ ಎರಡು ಮಾತು ಹೇಳಿಬಿಡು. ಅಷ್ಟು ಸಾಕು."

ಕಾರ್ತೀಕ ಮಾಸದಲ್ಲಿ ಸುಳ್ಳಾಡುವುದು ಹೇಗೆ ಎಂದು ನಾನು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಪೂಜೆಗೆ ಕೂತಾಗ, ಕಿವಿಯಲ್ಲಿ ಹೇಳುವುದಕ್ಕೆ ಉಪದೇಶ ಎನ್ನುತ್ತಾರೆಯೇ ಹೊರತು ಸುಳ್ಳು ಎನ್ನುವುದಿಲ್ಲವಲ್ಲ ಎಂದು ಹೊಳೆಯಿತು. ಬೇಕಾದ ಅರ್ಥವನ್ನು ಬೇಕಾದ ಹೊತ್ತಿಗೆ ಹೊಳೆಯಿಸುವುದರಲ್ಲಿ ದೇವರು ಬಹಳ ಉದಾರಿ. ಕೇರಿ ಇನ್ನೂ ನಿಂತಿರುವುದಕ್ಕೂ ಆ ದೇವರೇ ಕಾರಣ, ಅವಳ ಬದಲಿಗೆ ಅವನೇ ನೋಡುತ್ತಿದ್ದಾನೆ ಎಂದುಕೊಂಡು ಕೈಮುಗಿದೆ.

ಅವಳಿಗಿದ್ದ ಭಯವೆಲ್ಲ ನಾಲ್ಕನೆಯ ಕಟ್ಟೆಯ ಬಕ್ಕೇಶಪ್ಪನದು. ಐದನೆಯ ಕಟ್ಟೆ ಹಿಂದೆ ಅವರ ಮನೆತನದ್ದೇ ಆಗಿತ್ತು. ಬಕ್ಕೇಶಪ್ಪನ ತಾತ ಯಾವುದೋ ಊಟದಲ್ಲಿ ಹೋಳಿಗೆ ಹೆಚ್ಚಾಗಿ ತಿಂದು ಮೂರು ದಿನ ಮಲಗಿಬಿಟ್ಟ. ಕೇರಿಯ ತುದಿಯ ಒಂದು ಮನೆ ಒಲೆ ಬಾವಿ ಸಮೇತ ಹೋಯಿತು. ಅಲ್ಲಿ ಇವತ್ತಿಗೂ ಏನೂ ಇಲ್ಲ, ಹುಲ್ಲು ಕೂಡ ಬೆಳೆಯುವುದಿಲ್ಲ. ಊರಿನವರು ಕಟ್ಟೆ ಕಿತ್ತುಕೊಂಡು ಹಾಲಮ್ಮನ ಮಾವನಿಗೆ ಕೊಟ್ಟರು. ಬಕ್ಕೇಶಪ್ಪನ ಮನೆಗೆ ನಾಲ್ಕನೆಯದನ್ನು ಕೊಟ್ಟರು. ಅಲ್ಲಿಗೆ ನೇರ ಎದುರಿಗೆ ಕಾಣುವುದು ಬರೀ ನೀರು. ಯಾರು ನೋಡಲಿ ಬಿಡಲಿ ನೀರು ಇದ್ದೇ ಇರುತ್ತದೆ, ಇವರು ಕೆಡಿಸುವುದಕ್ಕೆ ಏನೂ ಉಳಿದಿಲ್ಲ ಎಂದು ಹಾಗೆ ಮಾಡಿದ್ದು. ಬಕ್ಕೇಶಪ್ಪನಿಗೆ ಅರವತ್ತೈದಾಯಿತು. ಅರವತ್ತು ವರ್ಷದಿಂದ ಆ ಅವಮಾನದ ಮೇಲೆ ಕೂತಿದ್ದಾನೆ.

ಸುತ್ತು ಹೊರಟಾಗ ಮಂಜಿನಲ್ಲಿ ಜನರ ಕೆಮ್ಮು ಮಾತ್ರ ನಡೆದು ಹೋಗುತ್ತಿರುವಂತಿತ್ತು. ದಾರಿಯ ಎರಡು ಕಡೆಯ ಹುಚ್ಚೆಳ್ಳಿನ ಹೂವು ಹತ್ತಿರ ಹೋದಾಗಲಷ್ಟೇ ಹಳದಿಯಾಗುತ್ತಿತ್ತು. ನೀರಿನ ಮೇಲೆ ಎಲ್ಲೋ ಬಡಗಲಿಂದ ಬಂದ ಬಾತುಗಳು ತಮ್ಮಲ್ಲೇ ಏನೋ ಮಾತಾಡಿಕೊಳ್ಳುತ್ತಿದ್ದವು. ಹಾಲಮ್ಮ ನನ್ನ ಹಿಂದೆಯೇ, ನನ್ನ ಶಲ್ಯದ ತುದಿ ಹಿಡಿದುಕೊಂಡು ಬರುತ್ತಿದ್ದಳು. ಕೇಳಿದವರಿಗೆ "ಮಂಡಿನೋವು ಕಣ್ರವ್ವಾ" ಎಂದಳು. ಮೊದಲನೆಯ ಕಟ್ಟೆಯವನು ತನ್ನ ತೋಪನ್ನು ಮಂಜಿನೊಳಗೆ ಮರ ಮರವಾಗಿ ಹೇಳಿದ. ಒಂದು ಎಲೆಯೂ ಕಾಣದ ಊರು ಭಕ್ತಿಯಿಂದ "ಐತೆ" ಎಂದಿತು. ಎರಡನೆಯದೂ ಹಾಗೇ ಆಯಿತು. ಅರೆಗುಡ್ಡದವರಿಗೆ ಆ ಮಂಜಿನಲ್ಲಿ ಆಸೆ ಹುಟ್ಟಿ, "ಪೂರ್ತಿ ಗುಡ್ಡ" ಎಂದುಬಿಟ್ಟರು. ಸುತ್ತಿನ ಯಜಮಾನರಾದ ಮುರಿಗೆಪ್ಪಗೌಡರು ಕೆಮ್ಮಿದ ಮೇಲೆ ತಿದ್ದಿಕೊಂಡರು.

ನಾಲ್ಕನೆಯದರಲ್ಲಿ ಬಕ್ಕೇಶಪ್ಪ ಮೆಟ್ಟಿಲೇರಿ ನಿಂತು, "ನೀರು" ಎಂದ.

"ಐತೆ!" ಎಂದಿತು ಊರು. ಹಿಂದಿನಿಂದ ಯಾರೋ, "ಹೋದ ವರ್ಷಕ್ಕಿಂತ ಈ ಸಲ ಒದ್ದೆ ಜಾಸ್ತಿ ಆಗೈತೆ ನೋಡ್ರಪ್ಪಾ" ಎಂದರು. ಎಲ್ಲರೂ ನಕ್ಕರು.

"ನಗ್ರಿ, ನಗ್ರಿ. ಮುಂದಿನ ಕಟ್ಟೆಗೆ ಬರ್ತೀರಲ್ಲ, ಅಲ್ಲಿ ನೋಡಾನ" ಎಂದು ಬಕ್ಕೇಶಪ್ಪ ಇಳಿದ. ನನ್ನ ಶಲ್ಯದ ತುದಿ ಬಿಗಿಯಾಯಿತು.

ನಾಲ್ಕರಿಂದ ಐದಕ್ಕೆ ಕೂಗಳತೆಯ ದೂರ. ಅಷ್ಟರಲ್ಲಿ ಹಾಲಮ್ಮ ಮೆಲ್ಲಗೆ, "ಪಂಪಯ್ಯ, ಬೆನ್ನಿಗೆ ಬಿಸಿಲು ತಾಕ್ತಾ ಐತೆ. ಮಂಜು ಹರೀತಾ?" ಎಂದಳು.

"ಹರೀತಮ್ಮ. ಎಲ್ಲಾ ನಿಚ್ಚಳ ಕಾಣ್ತಾ ಐತೆ."

"ಶಿವನಿಗೂ ಇವತ್ತೇ ಹೊತ್ತು ಸಿಕ್ತು."

ಕಟ್ಟೆಯ ಬುಡದಲ್ಲಿ ಬಕ್ಕೇಶಪ್ಪ ಮೊದಲೇ ಬಂದು ನಿಂತಿದ್ದ. "ಗೌಡ್ರೇ, ಒಂದು ಮಾತು. ಈ ಸಲ ಕಟ್ಟೆ ಮೇಲೆ ಮನೆಯೋರು ಒಬ್ಬರೇ ಹತ್ತಬೇಕು. ಪಕ್ಕದಾಗೆ ಯಾರೂ ಬ್ಯಾಡ. ನಾನೂ ಒಬ್ಬನೇ ಹತ್ತಿದ್ದು."

"ನೀರು ಅನ್ನೋದಕ್ಕೆ ಇಬ್ಬರು ಯಾಕೆ ಬೇಕಪ್ಪಾ?" ಎಂದರು ಗೌಡರು. ಆದರೂ ಮಾತು ನ್ಯಾಯವಾಗಿತ್ತು, ಒಪ್ಪಿದರು. ಶಲ್ಯದ ತುದಿ ಕಳಚಿತು. ಐವತ್ತು ವರ್ಷ ಹತ್ತಿದ ಮೆಟ್ಟಿಲು, ಹಾಲಮ್ಮ ಎಲ್ಲೂ ಎಡವಲಿಲ್ಲ. ಮೇಲೆ ನಿಂತು ಸೆರಗು ಹೊದ್ದು ಶುರುಮಾಡಿದಳು. ಇಪ್ಪತ್ತೆರಡು ಮನೆ, ಯಾವುದರ ಬಾಗಿಲು ಯಾವ ಕಡೆಗೆ, ಬಲೆ ಒಣಗಿಸುವ ಗಳುಗಳು, ದೋಣಿ ಕಟ್ಟುವ ಗೂಟ, ದುರುಗವ್ವನ ಅಂಗಳದ ತುಳಸಿ. ಪಟ್ಟಿಯ ಮೇಲೆ ನನ್ನ ಬೆರಳು ಅವಳ ಹಿಂದೆಯೇ ಓಡುತ್ತಿತ್ತು. ಒಂದೊಂದಕ್ಕೂ ಊರು "ಐತೆ" ಎನ್ನುತ್ತಿತ್ತು. ಗೆದ್ದಳು ಎಂದುಕೊಂಡೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಉತ್ಸಾಹ ಬಂದುಬಿಟ್ಟಿತ್ತು.

"ಕೇರಿ ಹಿಂದೆ ಕಾಲುವೆ. ಕಾಲುವೆ ದಡದಾಗೆ ಒಂಟಿ ತಾಳೆಮರ. ಅದರ ತುಂಬಾ ಗೀಜಗನ ಗೂಡು."

ಯಾರೂ "ಐತೆ" ಎನ್ನಲಿಲ್ಲ. ಆ ತಾಳೆಮರ ಒಂಬತ್ತು ವರ್ಷದ ಹಿಂದೆ ಗಾಳಿಗೆ ಬಿದ್ದಿತ್ತು. ಅದರ ಬೊಡ್ಡೆಯನ್ನು ಅಂಬಿಗರು ಕಾಲುವೆಗೆ ಅಡ್ಡ ಹಾಕಿ ಸಂಕ ಮಾಡಿಕೊಂಡಿದ್ದರು. ಪಟ್ಟಿಯಲ್ಲಿ ಆ ಸಾಲನ್ನು ಹೊಡೆದುಹಾಕಿದ್ದು ನನ್ನದೇ ಕೈ. ಹಾಲಮ್ಮನ ಕಣ್ಣೊಳಗೆ ಈಗ ಇದ್ದದ್ದು ಅವಳು ಮದುವೆಯಾಗಿ ಬಂದಾಗಿನ ಕೇರಿ.

"ಯಾವ ತಾಳೆಮರನೇ ಹಾಲಕ್ಕಾ?" ಎಂದ ಬಕ್ಕೇಶಪ್ಪ. ದನಿಯಲ್ಲಿ ಹೋಳಿಗೆ ತುಪ್ಪ ಸುರಿಯುತ್ತಿತ್ತು.

"ಅದೇ ಕಣೋ. ಕಾಲುವೆ ಎಡಕ್ಕೆ" ಎಂದು ಅವಳು ಬೆರಳು ತೋರಿಸಿದಳು. ಬೆರಳು ಒಂದಿಷ್ಟೂ ಅಲುಗಲಿಲ್ಲ.

"ಎಲ್ಲೈತೆ?" "ಎಲ್ಲಿ?" ಎಂದು ಜನ ಮೆಟ್ಟಿಲೇರಿದರು, ಕಟ್ಟೆ ತುಂಬಿತು. ಇಲ್ಲ ಎಂದು ಹೇಳುವುದಕ್ಕಾದರೂ ನೋಡಬೇಕಲ್ಲ. ನಮ್ಮ ಊರಿನವರು ನೋಡುವುದರಲ್ಲೇ ಹುಟ್ಟಿ ಬೆಳೆದವರು, ನಿಜ. ಆದರೆ ಅಷ್ಟು ಜನ ಒಟ್ಟಿಗೆ ಒಂದೇ ಜಾಗವನ್ನು ಅಷ್ಟು ಶ್ರದ್ಧೆಯಿಂದ ನೋಡಿದ್ದು ಅದೇ ಮೊದಲಿರಬೇಕು. ದಿನದ ನೋಟದಲ್ಲಿ ನಮ್ಮ ಅರ್ಧ ಮನಸ್ಸು ತಿಂಡಿಯ ಮೇಲಿರುತ್ತದೆ. ಅವತ್ತು ಒಬ್ಬೊಬ್ಬರೂ ಹಣೆಗೆ ಕೈ ಹಚ್ಚಿ, ಉಸಿರು ಬಿಗಿಹಿಡಿದು, ಇಲ್ಲದ ಮರವನ್ನು ಹುಡುಕಿದರು. ಕಾಲುವೆಯ ಎಡಕ್ಕೆ ಮೊದಲು ಗಾಳಿ ಸ್ವಲ್ಪ ದಪ್ಪವಾದಂತಾಯಿತು. ಆಮೇಲೆ ಒಂದು ಅಂಚು ಬಂತು. ಆಮೇಲೆ ಬಣ್ಣ ಬಂತು. ಕಡೆಗೆ ಗೀಜಗನ ಗೂಡುಗಳು ಒಂದೊಂದಾಗಿ ತೂಗತೊಡಗಿದವು.

"ಐತೆ" ಎಂದ ಒಬ್ಬ. ಎಲ್ಲರೂ ತಿರುಗಿ ನೋಡಿದೆವು. ಹಾಗೆಂದವನು ಬಕ್ಕೇಶಪ್ಪ. ಪಾಪ, ಕಂಡದ್ದನ್ನು ಇಲ್ಲವೆನ್ನುವುದು ನಮ್ಮ ಊರಿನವರಿಂದ ಆಗದು.

ಗೌಡರು ನನ್ನನ್ನು ಕರೆದರು. "ಪಟ್ಟಿಯಾಗೆ ಐತೇನೋ ಪಂಪಯ್ಯ?"

"ಇತ್ತು ಗೌಡ್ರೇ. ಹೊಡೆದು ಹಾಕಿದ್ದೀನಿ."

"ಯಾರು ಹೇಳಿದ್ದು ಹೊಡೀ ಅಂತ?"

"ನೀವೇ."

ಗೌಡರು ಒಮ್ಮೆ ಮರವನ್ನೂ ಒಮ್ಮೆ ನನ್ನನ್ನೂ ನೋಡಿದರು. "ಹಂಗಾರೆ ತಪ್ಪು ಪಟ್ಟೀದು" ಎಂದು ತೀರ್ಪು ಕೊಟ್ಟರು. ನಾನು ಹೊಡೆದದ್ದನ್ನು ಹೊಡೆದು ಹಾಕಿದೆ.

ಬಕ್ಕೇಶಪ್ಪ ಆಗ ಕೊನೆಯ ಅಸ್ತ್ರ ತೆಗೆದ. ಇಳಿದು ಬರುತ್ತಿದ್ದ ಹಾಲಮ್ಮನ ಮುಖದ ಮುಂದೆ ಕೈ ಆಡಿಸಿ, "ಕಣ್ಣು ಕಾಣಲ್ಲ ಕಣ್ರೋ ಇವಳಿಗೆ! ನೋಡ್ರಿ, ರೆಪ್ಪೆ ಕೂಡ ಬಡಿಯಾಕಿಲ್ಲ! ಎಂಟು ಒಂಬತ್ತು ತಿಂಗಳಾತು, ನಾನು ನೋಡ್ತಾನೇ ಇದೀನಿ!" ಎಂದು ಕೂಗಿದ.

ಹಾಲಮ್ಮ ತಲೆ ತಗ್ಗಿಸಿ, "ದಿಟ" ಎಂದಳು. ಕಟ್ಟೆ ಹೋಯಿತು ಎಂದುಕೊಂಡೆ. ಆದರೆ ಊರು ಬೇರೆಯೇ ಲೆಕ್ಕ ಹಾಕಿತು. ಕಣ್ಣಿರುವವರ ಗುಡ್ಡ ಅರ್ಧ ಹೋಗಿದೆ. ಕಣ್ಣಿಲ್ಲದವಳು ಇಪ್ಪತ್ತೆರಡು ಮನೆ ಕಾಪಾಡಿ, ಮೇಲೆ ಬಿದ್ದ ಮರವನ್ನೂ ಎಬ್ಬಿಸಿದ್ದಾಳೆ! ಯಾರೋ ಬುತ್ತಿಯ ಗಂಟಿನಿಂದ ಕಾಯಿ ತೆಗೆದು ಅವಳ ಕಾಲ ಬಳಿ ಒಡೆದರು. ಅರೆಗುಡ್ಡದವರು ಅಡ್ಡಬಿದ್ದು, "ಅಮ್ಮಾ, ನಮ್ಮ ಮಿಕ್ಕ ಅರ್ಧಾನೂ ಒಂಚೂರು ನೋಡು ತಾಯಿ" ಎಂದರು. "ನಾನೇನೂ ಮಾಡಿಲ್ಲ ಕಣ್ರೋ" ಎಂದು ಅವಳು ಎಷ್ಟು ಹೇಳಿದರೂ, "ದೊಡ್ಡೋರು ಹಂಗೇ ಅನ್ನೋದು" ಎಂದರು. ಇರುವ ತನಕ ಐದನೆಯ ಕಟ್ಟೆ ಅವಳದೇ, ನಾಳೆ ಬೆಳಿಗ್ಗೆ ಡೊಳ್ಳು ತಂದು ಹಾರ ಹಾಕುವುದು ಎಂದು ಗೌಡರು ಅಲ್ಲೇ ಸಾರಿದರು. ಬಕ್ಕೇಶಪ್ಪ ಜನದ ಹಿಂದೆ ಹೋಗಿ ನಿಂತ.

ಏಳನೆಯ ಕಟ್ಟೆ ಮುಗಿಸಿ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಅವರೆಕಾಳಿನ ಪಲ್ಯ. ಹಾಲಮ್ಮನ ಮುಂದೆ ಹನ್ನೆರಡು ಮನೆಯ ರೊಟ್ಟಿ ಬಿದ್ದಿದ್ದವು. ಅಷ್ಟರಲ್ಲಿ ಕೇರಿಯ ದುರುಗವ್ವ ದೋಣಿ ತಂದು ದಡಕ್ಕೆ ಗುದ್ದಿಸಿದಳು. ಸೊಂಟದವರೆಗೂ ಒದ್ದೆ.

"ಯಾವ ಪುಣ್ಯಾತ್ಮರಪ್ಪಾ ನಮ್ಮ ಸಂಕ ಎತ್ತಿ ನಿಲ್ಲಿಸಿದ್ದು? ಬುಟ್ಟಿ ಹೊತ್ಕೊಂಡು ದಾಟ್ತಾ ಇದೀನಿ, ಕಾಲ ಕೆಳಗೆ ಬೊಡ್ಡೆ ಇಲ್ಲ! ಮೇಲೆ ನೋಡಿದರೆ ಮರ!"

ಗೌಡರು ಅವಳಿಗೆ ಪವಾಡವನ್ನು ವಿವರಿಸಿದರು. ಕೇರಿಯನ್ನು ಕಣ್ಣಿಲ್ಲದೆ ಕಾಯ್ದ ಮಹಾತಾಯಿಗೆ ಕೈಮುಗಿ ಎಂದರು. ದುರುಗವ್ವ ಸೀರೆ ಹಿಂಡುತ್ತಾ ಬಕ್ಕೇಶಪ್ಪನತ್ತ ಬೆರಳು ಮಾಡಿದಳು. "ಕೈ ಆಮೇಲೆ ಮುಗೀತೀನಿ. ಮೊದಲು ಇವನಿಗೆ ಬುದ್ಧಿ ಹೇಳ್ರಿ. ಬೆಳಗಾದರೆ ಆ ನಾಲ್ಕನೇ ಕಟ್ಟೆ ಮೇಲೆ ಕೂತು ನಮ್ಮ ಮನೆಗಳನ್ನ ನುಂಗೋ ಹಂಗೆ ನೋಡ್ತಾನೆ. ಇವನ ಕಣ್ಣು ಬೀಳಬಾರದು ಅಂತ ಮೆಣಸಿನಕಾಯಿ ಸುಟ್ಟು ಸುಟ್ಟು ಕೇರಿಗೆಲ್ಲ ಕೆಮ್ಮು."

"ನಾನು ನೀರು ನೋಡ್ತೀನಮ್ಮ" ಎಂದ ಬಕ್ಕೇಶಪ್ಪ.

"ನೀರು ನೋಡೋನ ಕುತ್ತಿಗೆ ಎಡಕ್ಕೆ ಯಾಕೆ ತಿರುಗುತ್ತೋ ನಮ್ಮಪ್ಪಾ? ಶ್ರಾವಣದಾಗೆ ನಾಲ್ಕು ದಿನ ಮಗಳ ಮನೆಗೆ ಹೋಗಿದ್ದಲ್ಲ, ಕಣ್ಣು ತಪ್ಪಿತು ಅಂತ ನಾವು ಕಡುಬು ಮಾಡಿ ಉಂಡ್ವಿ. ಮರುದಿನಾನೇ ಹಂಚೆಲ್ಲ ಬೂದಿ ಬಣ್ಣ. ನಾಲ್ಕನೇ ದಿನ ನಮ್ಮ ಮನೆ ಮೂಲೆ ಕೈಗೇ ಸಿಗಲಿಲ್ಲ! ಎಷ್ಟು ದೂರ ಹೋದರೂ ಇವನ ಕಣ್ಣಿನ ವಿಷ ಬಿಡಲ್ಲ ಅಂತ ಇನ್ನೊಂದು ನಿಂಬೆಹಣ್ಣು ಕಟ್ಟಿದ್ವಿ. ಇವನು ವಾಪಸು ಬಂದು ಕೂತ ಮೇಲೇ ಎಲ್ಲಾ ಸರಿಹೋಗಿದ್ದು."

ಜನ ಬಕ್ಕೇಶಪ್ಪನನ್ನು ಗೇಲಿ ಮಾಡಿದರು. ಸಂಕದ ವಿಷಯ ಮುಂದಿನ ವರ್ಷ ನೋಡೋಣ ಎಂದು ಗೌಡರು ರೊಟ್ಟಿ ಮುರಿದರು. ಹಾಲಮ್ಮನ ಕೈ ಮಾತ್ರ ಬಾಯಿಯ ಹತ್ತಿರ ನಿಂತಿತ್ತು. ಶ್ರಾವಣದಲ್ಲಿ ಅವಳು ಒಂದು ದಿನವೂ ಕಟ್ಟೆ ತಪ್ಪಿಸಿರಲಿಲ್ಲ. ಅವಳು ರೊಟ್ಟಿ ಕೆಳಗಿಟ್ಟಳು. ನಾನೂ ಇಟ್ಟೆ. ಇಷ್ಟು ದಿನ ಶಿವನೇ ನೋಡುತ್ತಿದ್ದಾನೆಂದು ಕೈಮುಗಿದವನು ನಾನು. ಈಗಲೂ ಅದು ಸುಳ್ಳೆಂದು ನನಗೆ ಅನಿಸುವುದಿಲ್ಲ. ಆದರೆ ಕಣ್ಣು ಬೇಕಾದಾಗ ಅವನು ಅದನ್ನು ಗುಡಿಯಲ್ಲಿ ಕೂತವರಿಂದ ಕಡ ತರಲಿಲ್ಲ. ಹೊಟ್ಟೆ ಉರಿದುಕೊಂಡು ಕೂತವನಿಂದ ತಂದ.

ಮರುದಿನ ಡೊಳ್ಳಿನವರು ಬರುವುದಕ್ಕೆ ಬಹಳ ಮುಂಚೆ ಹಾಲಮ್ಮ ನಮ್ಮ ಬಾಗಿಲು ಬಡಿದಳು. "ಕರ್ಕೊಂಡು ಹೋಗು. ಐದನೇದಕ್ಕಲ್ಲ, ನಾಲ್ಕನೇದಕ್ಕೆ." ನಾವು ಹೋದಾಗ ಬಕ್ಕೇಶಪ್ಪ ಅಲ್ಲಿ ಕೂತಿದ್ದ. ಎದುರಿಗೆ ಅಷ್ಟು ದೊಡ್ಡ ನೀರು, ಅವನ ಕುತ್ತಿಗೆ ಎಡಕ್ಕೆ. ನಮ್ಮನ್ನು ಕಂಡು ಸರಕ್ಕನೆ ನೇರ ಮಾಡಿಕೊಂಡ.

"ಬಕ್ಕೇಶಿ, ದುರುಗವ್ವನ ಸೂರಿನ ಮೇಲೆ ಹಂಚು ಹೆಂಗೈತೆ?" ಎಂದಳು ಹಾಲಮ್ಮ, ಮೆಟ್ಟಿಲ ಮೇಲೆ ಕೂರುತ್ತಾ.

ಅವನ ಕುತ್ತಿಗೆ ಮತ್ತೆ ಎಡಕ್ಕೆ ತಿರುಗಿತು. "ಬಾಗಿಲ ಮೇಲಿನ ಸಾಲಿನಾಗೆ ಒಂದು ಒಡೆದೈತೆ."

"ನಾನು ನೋಡಿದಾಗ ಒಡೆದಿರಲಿಲ್ಲ."

"ಯುಗಾದಿ ಮರುದಿನ ಒಡೀತು. ಕೋತಿ."

ಅವಳು ತಲೆದೂಗಿದಳು. ಒಂದು ಬಾತು ನೀರಿಗಿಳಿದ ಸದ್ದು ಕೇಳಿಸಿತು. "ಇನ್ನು ನೀನು ಅಲ್ಲೇ ಹೋಗಿ ಕೂರು. ನನಗೆ ಈ ಕಟ್ಟೆ ಸಾಕು. ನೀರು ಸದ್ದು ಮಾಡುತ್ತೆ, ಹೊತ್ತು ಹೋಗುತ್ತೆ."

"ಊರು ನಿನಗೆ ಇರೋ ತನಕ ಅಂತ ಕೊಟ್ಟೈತಲ್ಲೇ ಅಕ್ಕಾ. ಡೊಳ್ಳು ಬೇರೆ ಬರ್ತಾ ಐತೆ."

"ಬರಲಿ. ಡೊಳ್ಳಿಗೂ ಕಣ್ಣಿಲ್ಲ."

ಬಕ್ಕೇಶಪ್ಪ ಎದ್ದು ಕೆಳಗಿಳಿದ. "ಅಕ್ಕಾ, ಸುಳ್ಳು ಹೇಳಬಾರದು. ನಾನು ಭಕ್ತಿಯಿಂದ ನೋಡಿದ್ದಲ್ಲ. ಅದು ನಮ್ಮದು, ಇವಳ ಕೈಯಾಗೆ ಐತಲ್ಲ ಅಂತ ಉರ್ಕೊಂಡು ನೋಡಿದ್ದು. ದಿನಾನೂ."

"ಗೊತ್ತು ಕಣೋ. ಹೆಂಗೆ ನೋಡಿದ್ರೂ ಹಂಚು ಕೆಂಪಗೇ ಐತಲ್ಲ."

ನಮ್ಮಲ್ಲಿ ಕಟ್ಟೆ ಒಬ್ಬರಿಂದ ಒಬ್ಬರಿಗೆ ಹೋಗುವುದು ಕಾಗದದಲ್ಲಲ್ಲ, ಕೆರೆಯ ನೀರಿನಲ್ಲಿ. ಹಾಲಮ್ಮ ನನ್ನ ತೋಳು ಹಿಡಿದು ಅಂಚಿಗೆ ಇಳಿದಳು, ಬಾಗಿದಳು, ತಣ್ಣನೆಯ ನೀರನ್ನು ಎರಡು ಕೈ ತುಂಬ ಎತ್ತಿಕೊಂಡಳು. ಅವನು ಎಲ್ಲಿ ನಿಂತಿದ್ದಾನೆಂದು ಉಸಿರಿನಿಂದಲೇ ತಿಳಿದು, ಅವನ ಬೊಗಸೆಗೆ ತನ್ನ ಬೊಗಸೆ ತಾಗಿಸಿ ಬಗ್ಗಿಸಿದಳು.